ಗುಡ್ಡದಾಗ ಏನೂ ಬೆಳಿಯಂಗಿಲ್ರಿ

ಜೇನುಕೊಳ್ಳ, ಸೊಂಡೂರು ತಾಲ್ಲೂಕು
೧೨–೭–೧೯೯೨

ಓಬಳೇಶನಿಗೆ ದೊಡ್ಡವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಎಮ್ಮೆಯೊಂದನ್ನು ಬಿಟ್ಟು. ಕಾಲಿಗೆ ಮುಳ್ಳು ಹೊಕ್ಕು ನಾಲ್ಕು ದಿನದಿಂದ ಮೂರು ಕಾಲಿನ ಮೇಲೆ ನಿಂತು, ಮುಳ್ಳು ಚುಚ್ಚಿದವಳು ನಾನೇ ಎಂಬಂತೆ ನೋಡುತ್ತಿದೆ.

ಮೊನ್ನೆ ನೀನು ಕಂಪನಿ ಜೀಪಿನಿಂದ ಇಳಿದಾಗ ಖರೆ ಹೇಳುತ್ತೇನೆ, ಗುರುತು ಹತ್ತಲಿಲ್ಲ. ಮೊದಲು ಕಂಡವಳು ಪಕ್ಕದ ಮನೆ ಜಂಬಕ್ಕ. "ಹೊನ್ನೂರವ್ವ, ಜಲ್ದಿ ಹೊರಗ ಬಾಬೇ, ನಿನ್ನ ತಂಗಿ ಮಗ ಬೂಟು ಹಾಕ್ಕೊಂಡು ಬಂದಾನ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಮೂರು ವರ್ಷದ ಕೂಸನ್ನು ನನ್ನ ಉಡಿಗೆ ಹಾಕಿ ನಿನ್ನ ತಾಯಿ ಕಣ್ಣು ಮುಚ್ಚಿದಳು. ಆಗ ನಿನಗೆ ಚಡ್ಡಿಯೂ ಇರಲಿಲ್ಲ. ಈಗ ಬೂಟು. ಆಕೆ ನೋಡಬೇಕಿತ್ತು.

ಊರ ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರಿಂದ ನಿನ್ನ ಜೊತೆ ಬಂದ ಸಾಹೇಬರು ನನ್ನನ್ನೇ ಕೂರಿಸಿಕೊಂಡು ಕೇಳಿದರು. ಹನ್ನೆರಡು ವರ್ಷದ ಹಿಂದೆ ಜಂಗಲ್ ಇಲಾಖೆಯವರು ಗುಡ್ಡ ಒತ್ತುವರಿ ಮಾಡಿದ್ದೀರಿ ಎಂದು ಮೂವರನ್ನು ಹಿಡಿದುಕೊಂಡು ಹೋಗಿದ್ದು ನಿನಗೂ ನೆನಪಿರಬೇಕು. ಇದೂ ಅಂಥದ್ದೇ ಇರಬೇಕೆಂದುಕೊಂಡು ಗಟ್ಟಿಯಾಗಿ ಕೂತೆ. "ಗುಡ್ಡದಾಗ ಏನು ಬೆಳೀತೀರಮ್ಮ?" ಎಂದರು. "ಏನೂ ಬೆಳಿಯಂಗಿಲ್ರಿ, ಒಂದು ಕಾಳೂ ಇಲ್ಲ" ಎಂದೆ. "ಮ್ಯಾಲ ಯಾರು ಹೋಗ್ತಾರ?" ಎಂದರು. "ಕಬ್ಬಿಣ ಹಿಡಕೊಂಡು ಗುಡ್ಡದ ಬುಡದಾಗಿನ ಗೆರೆಗಲ್ಲು ದಾಟಿ ಯಾರೂ ಹೋಗಂಗಿಲ್ರಿ, ನೇಗಿಲು ದೂರ ಉಳೀತು, ಕುಡುಗೋಲೂ ಹೋಗಿಲ್ಲ" ಎಂದೆ. ನಮ್ಮ ಊರಿನ ಮರ್ಯಾದೆ ಉಳಿಸಿದೆನಲ್ಲವೇ?

ಆಮೇಲೆ ಅವರು ಮಸಿ ಡಬ್ಬಿ ಮುಂದಕ್ಕೆ ತಳ್ಳಿದರು. ಹೆಬ್ಬೆಟ್ಟಿಗೆ. ನೀನು ಅದನ್ನು ಪಕ್ಕಕ್ಕೆ ಸರಿಸಿ, "ಸರ್, ಆಕಿಗೆ ಸಹಿ ಮಾಡಾಕ ಬರತೈತಿ" ಎಂದೆ. ಕಾಲುವೆಗೆ ಮಣ್ಣು ಹೊರುವಾಗ ಮೈಲುಗಲ್ಲಿನ ಅಕ್ಷರ ನೋಡಿ ನೋಡಿ ಕಲಿತವಳು ನಾನು. ಐವತ್ತೊಂಬತ್ತು ವರ್ಷಕ್ಕೆ ಸರ್ಕಾರಿ ಕಾಗದದ ಮೇಲೆ ಮೊದಲ ಸಹಿ. ನಿನ್ನ ಆ ಒಂದು ಮಾತಿಗೆ ನಿನ್ನನ್ನು ಸಾಕಿದ್ದು ಸಾರ್ಥಕ ಎನಿಸಿತು. ಹೆಸರಿನ 'ನ್ನೂ' ಸರಿಯಾಗಿ ಬಂದಿತ್ತೇ?

ನಿನ್ನ ದೊಡ್ಡವ್ವ
ಹೊನ್ನೂರಮ್ಮ


ಜೇನುಕೊಳ್ಳ
೩–೮–೧೯೯೨

ಓಬಳೇಶ,

ಚಾವಡಿ ಗೋಡೆಗೆ ಕಾಗದ ಹಚ್ಚಿದ್ದಾರೆ. ಜನ ಗುಂಪು ಕಟ್ಟಿ ನಿಂತಿದ್ದರು. ಮೈಲಾರಲಿಂಗಪ್ಪ ಮಾಸ್ತರರು ಓದಿದರು. ನಾನೂ ಹಿಂದೆ ನಿಂತು ಕೂಡಿಸಿಕೊಂಡು ಓದಿದೆ.

"ಸದರಿ ಗುಡ್ಡವು ಏನೂ ಬೆಳೆಯದ ಬಂಜರು ಗುಡ್ಡವಾಗಿದ್ದು, ಜನಸಂಚಾರ ಇರುವುದಿಲ್ಲ. ಈ ಬಗ್ಗೆ ಗ್ರಾಮದ ಹಿರಿಯಳಾದ ಹೊನ್ನೂರಮ್ಮ ಕೋಂ ತಿಪ್ಪಯ್ಯ ಇವರು ಪಂಚನಾಮೆ ನೀಡಿರುತ್ತಾರೆ." ಅದಕ್ಕಾಗಿ ಗುಡ್ಡವನ್ನು ಅದಿರು ತೆಗೆಯಲು ಇಪ್ಪತ್ತು ವರ್ಷ ಕಂಪನಿಗೆ ಕೊಡುತ್ತಾರಂತೆ. ಬುಡದಲ್ಲಿ ಕಬ್ಬಿಣದ ಭಟ್ಟಿ ಹಾಕುತ್ತಾರಂತೆ. ಅದಕ್ಕೆ ರೈಲಿನಲ್ಲಿ ಕಲ್ಲಿದ್ದಲು ಬರುತ್ತದಂತೆ. ತಕರಾರಿದ್ದವರು ಸೊಂಡೂರಿನ ಕಚೇರಿಗೆ ಬರೆದುಕೊಡಬೇಕಂತೆ.

ನನ್ನ ಹೆಸರು ಬಂದಾಗ ಮೊದಲು ನಗು ಬಂತು. ಅಚ್ಚಿನಲ್ಲಿ ನನ್ನ ಹೆಸರು! ಆಮೇಲೆ ಯಾರೂ ನಗುತ್ತಿಲ್ಲ ಎಂದು ಗೊತ್ತಾಯಿತು. "ಸಹಿ ಮಾಡಾಕಿ ಬಂದ್ಲು, ದಾರಿ ಬಿಡ್ರಿ" ಎಂದಳು ಜಂಬಕ್ಕ. ನಲವತ್ತು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಬಾಳಿದವಳು.

ಓಬಳೇಶ, ನಾನು ಹೇಳಿದ್ದು ನಾವು ಏನೂ ಬೆಳೆಯುವುದಿಲ್ಲ ಎಂದು. ಬಿತ್ತುವುದಿಲ್ಲ, ಉಳುವುದಿಲ್ಲ, ನಮ್ಮದು ಎನ್ನುವುದಿಲ್ಲ ಎಂದು. ಗುಡ್ಡದಲ್ಲಿ ಏನೂ ಹುಟ್ಟುವುದೇ ಇಲ್ಲ ಎಂದು ಹೇಳಲು ನನಗೇನು ಹುಚ್ಚು ಹಿಡಿದಿದೆಯೇ? ಆ ದಿನ ಸಾಹೇಬರ ಪಕ್ಕ ಕೂತು ಕಾಗದದ ಮೇಲೆ ಬರೆದವನು ನೀನು. ಏನು ಬರೆದೆ? ಅಷ್ಟನ್ನೇ ತಿಳಿಸು.

ಹೊನ್ನೂರಮ್ಮ


ಹೊಸಪೇಟೆ
೨೦–೮–೧೯೯೨

ಪೂಜ್ಯ ದೊಡ್ಡವ್ವನಿಗೆ ನಮಸ್ಕಾರಗಳು.

ತಡವಾಗಿದ್ದಕ್ಕೆ ಬೇಸರ ಬೇಡ. ಸರ್ವೆ ಕೆಲಸಕ್ಕೆ ಊರೂರು ಅಲೆಯುತ್ತಿದ್ದೆ.

ನೀನು ಹೇಳಿದ ಮಾತನ್ನೇ ನಾನು ಬರೆದದ್ದು. "ಏನೂ ಬೆಳೆಯುವುದಿಲ್ಲ" ಎಂದೆ, "ಏನೂ ಬೆಳೆಯುವುದಿಲ್ಲ" ಎಂದು ಬರೆದೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಚೇರಿಯಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದಾಗ ಮಾತು ಹಾಗಾಗಿದೆ. ಹೇಗೂ ಪಹಣಿಯಲ್ಲಿ ಆ ಗುಡ್ಡ ಅಜ್ಜನ ಕಾಲದಿಂದ 'ಖರಾಬು', ಸಾಗುವಳಿಗೆ ಬಾರದ ನೆಲ ಎಂದೇ ಇದೆ. ನಿನ್ನ ಸಹಿಯಿಂದ ಹೊಸದಾಗಿ ಕೆಟ್ಟದ್ದೇನೂ ಇಲ್ಲ.

ದೊಡ್ಡವ್ವ, ಒಂದು ಮಾತು. ಕಾಲುವೆಗೆ ಮಣ್ಣು ಹೊತ್ತವಳು ನೀನು. ಕಾಲುವೆ ನೀರು ಹೋದದ್ದು ಕಂಪ್ಲಿಗೆ. ಅಲ್ಲಿಯವರು ವರ್ಷಕ್ಕೆ ಎರಡು ಸಲ ಭತ್ತ ಕೊಯ್ದು ಮಾಳಿಗೆ ಕಟ್ಟಿಸಿದರು. ನೀನು ಇವತ್ತಿಗೂ ಗುಡ್ಡದ ಒರತೆಯಿಂದ ಕೊಡ ಹೊತ್ತು ಇಳಿಯುತ್ತೀ. ಕಂಪನಿ ಬಂದರೆ ರಸ್ತೆ, ಬೋರ್‌ವೆಲ್, ಹುಡುಗರಿಗೆ ಕೆಲಸ. ಡಿಸೆಂಬರಿಗೆ ನನ್ನ ಕೆಲಸವೂ ಪರ್ಮನೆಂಟ್ ಆಗುತ್ತದೆ. ಆಮೇಲೆ ನಿನ್ನನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ. ನಲ್ಲಿ ತಿರುಗಿಸಿದರೆ ನೀರು.

ಮಾಸ್ತರರ ಮಾತಿಗೆ ಹೋಗಬೇಡ. ಅವರಿಗೆ ತಿಂಗಳಿಗೆ ಸಂಬಳ ಬರುತ್ತದೆ.

ನಿನ್ನ ಮಗ
ಓಬಳೇಶ


ಜೇನುಕೊಳ್ಳ
೯–೯–೧೯೯೨

ಓಬಳೇಶನಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಎಲ್ಲ ಸರಿಯಾಗಿಯೇ ಬರೆದಿದ್ದೀ. ಅದಕ್ಕೇ ನಿದ್ದೆ ಹತ್ತುತ್ತಿಲ್ಲ.

ನಾವು ಸುಮ್ಮನೆ ಕೂತಿಲ್ಲ. ಮನೆಮನೆಗೆ ಹೋಗಿ ಸಹಿ ಕೂಡಿಸುತ್ತಿದ್ದೇವೆ. ಮಾಸ್ತರರು ಪೇಪರಿನಲ್ಲಿ ಓದಿ ಹೇಳಿದರು: ಈ ಬೇಸಿಗೆಯ ಕೊನೆಗೆ ದೇಶದೇಶದವರೆಲ್ಲ ದೂರದ ಯಾವುದೋ ಪಟ್ಟಣದಲ್ಲಿ ಸೇರಿ, ಕಲ್ಲಿದ್ದಲು ಸುಟ್ಟು ಸುಟ್ಟು ಭೂಮಿಯ ಹವಾ ಕಾಯುತ್ತಿದೆ, ಮಳೆಯ ಹದ ತಪ್ಪುತ್ತಿದೆ ಎಂದು ಮಾತಾಡಿದರಂತೆ. ಅಷ್ಟು ದೊಡ್ಡ ಹವಾ ನನ್ನ ತಲೆಗೆ ಹಿಡಿಯಲಿಲ್ಲ. ನಮ್ಮ ಗುಡ್ಡದ ಹವಾ ಮಾತ್ರ ಗೊತ್ತು. ಗುಡ್ಡ ಮುಂಡಾಸು ಸುತ್ತಿದರೆ ಸಂಜೆಯೊಳಗೆ ಮಳೆ. ಮೋಡ ನಿಲ್ಲುವುದು ಗಿಡಗಳ ತಂಪಿಗೆ. ದೋಣಿಮಲೈ ಕಡೆಗೆ ಕೊಟ್ಟ ಜಂಬಕ್ಕನ ಮಗಳು ಹೇಳುತ್ತಾಳೆ, ಅಲ್ಲಿ ಬೋಳಾದ ಗುಡ್ಡಗಳ ಮೇಲೆ ಮೋಡ ಬಂದು, ಕೂರಲು ಜಾಗ ಕಾಣದೆ ಮುಂದಕ್ಕೆ ಹೋಗುತ್ತದೆ ಎಂದು. ಮಾಸ್ತರರ ಮಾತೂ ಇವಳ ಮಾತೂ ಒಂದೇ ಎಂದು ಆವತ್ತು ಅನಿಸಿತು.

ಕಂಪ್ಲಿಗೂ ಹೋಗಿದ್ದೆವು. ನಮ್ಮ ಪೈಕಿಯ ಪಂಪಣ್ಣ, ಕಾಲುವೆ ಭತ್ತದಲ್ಲಿ ಮೈ ತುಂಬಿಕೊಂಡವನು, ಸಹಿ ಕೇಳಿದ್ದಕ್ಕೆ ನಕ್ಕ. "ನಮಗ ಕಾಲುವಿ ಐತಿ ಬಿಡಕ್ಕ, ಮಳಿ ಬಂದ್ರೆಷ್ಟು ಬಿಟ್ರೆಷ್ಟು" ಎಂದ. "ಕಾಲುವಿಗೆ ನೀರು ಎಲ್ಲಿಂದ ಬರತೈತೋ ಪಂಪಣ್ಣ? ನಿಮ್ಮನಿ ಹಂಡೆದಾಗಿಂದೇನು?" ಎಂದೆ. ಸಹಿ ಹಾಕಲಿಲ್ಲ. ಎರಡು ಸೇರು ಅಕ್ಕಿ ಕೊಟ್ಟು ಕಳಿಸಿದ. ತೆಗೆದುಕೊಂಡೆ. ಬೇಜಾರು ಬೇರೆ, ಅಕ್ಕಿ ಬೇರೆ.

ಸೊಂಡೂರಿನ ಕಚೇರಿಯಲ್ಲಿ ಗುಮಾಸ್ತರು ನಮ್ಮ ಸಹಿಗಳ ಕಟ್ಟು ನೋಡಿ, "ಇಷ್ಟು ಮಂದಿ ಈಗ ಬ್ಯಾಡ ಅಂತೀರಿ, ನಿಮ್ಮೂರ ಹಿರೇಮನಿಷೇನ ಆಗ ಏನೂ ಇಲ್ಲ ಅಂತ ಬರಕೊಟ್ಟಾಳಲ್ರಿ" ಎಂದರು. ಎಲ್ಲರೂ ನನ್ನನ್ನು ನೋಡಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಬಂತು.

ಬರೆದುಕೊಂಡವರೇ ಬಂದು ಬರೆದದ್ದು ಬೇರೆ, ಹೇಳಿದ್ದು ಬೇರೆ ಎಂದರೆ ಪಂಚನಾಮೆ ಬಿದ್ದುಹೋಗುತ್ತದಂತೆ. ಕಚೇರಿಯವರು ಹೇಳಿದ್ದನ್ನು ನಿನಗೆ ತಿಳಿಸಿದ್ದೇನೆ. ಹೋಗೆಂದು ಕೇಳುತ್ತಿಲ್ಲ.

ದೊಡ್ಡವ್ವ


ಜೇನುಕೊಳ್ಳ
೧೫–೧೧–೧೯೯೨

ಓಬಳೇಶ,

ಎರಡು ತಿಂಗಳಾಯಿತು. ಪೋಸ್ಟಿನ ಮುದುಕಪ್ಪ ನನ್ನ ಬಾಗಿಲ ಮುಂದೆ ಈಗ ಸೈಕಲ್ ಜೋರಾಗಿ ತುಳಿಯುತ್ತಾನೆ. ಇಲ್ಲ ಎಂದು ಹೇಳಲು ಅವನಿಗೂ ಸಾಕಾಗಿದೆ.

ಹೋದ ಸೋಮವಾರ ತೂತು ಕೊರೆಯುವ ಯಂತ್ರ ತಂದರು. ಇನ್ನೂ ಹುಕುಂ ಆಗಿಲ್ಲ, ಬರೀ ಕಲ್ಲು ನೋಡುತ್ತಾರಂತೆ. ಹೆಣ್ಣುಮಕ್ಕಳೆಲ್ಲ ಹೋಗಿ ಗೆರೆಗಲ್ಲಿನ ಮೇಲೆ ಸಾಲಾಗಿ ಕೂತೆವು. ಯಂತ್ರದವನು ಯಾವ ಊರಿನವನೋ ಪಾಪ, "ಅಮ್ಮಾ, ನಂದು ದಿನಗೂಲಿ ಐತ್ರೀ, ಸರೀರಿ" ಎಂದ. "ನಿನ್ನ ಕೂಲಿ ನಾವು ಕೊಡತೀವಿ, ಯಂತ್ರ ತಿರುಗಿಸ್ಕೊಂಡು ಹೋಗು" ಎಂದಳು ಜಂಬಕ್ಕ. "ನೀವು ಎಲ್ಲಿಂದ ಕೊಡತೀರಿ?" ಎಂದ. "ಸೀತಾಫಲದಾಗ ಕೊಡತೀವಿ" ಎಂದಳು. ಅವನಿಗೇ ನಗು ಬಂದು ಕೆಳಗೆ ಇಳಿದು ಬೀಡಿ ಹಚ್ಚಿದ. ನಾಳೆ ಬರುತ್ತಾರೆ ಎಂದರು. ಬಂದಿಲ್ಲ. ಬೆಳಗಾದರೆ ಸದ್ದು ಕೇಳಿತೇ ಎಂದು ಕಿವಿ ಆ ಕಡೆಗೇ. ಸೊಪ್ಪು ಸೋಸಲು ಕೂತರೂ ಎದ್ದು ನಿಲ್ಲುತ್ತೇನೆ.

ಅಲ್ಲಿ ಕೂತಾಗ ಒಂದು ನೆನಪಾಯಿತು. ಬರೆಯಬಾರದು ಎಂದು ಆರು ದಿನ ತಡೆದೆ.

ನಿನಗೆ ಏಳು ವರ್ಷ. ಹೊಸಪೇಟೆಯಿಂದ ಬಂದ ಬೀಗರ ಮುಂದೆ ಬುಟ್ಟಿ ಇಟ್ಟು ನೀನು ಜಂಭದಿಂದ, "ನಾವು ಗುಡ್ಡದಾಗ ಸೀತಾಫಲ ಬೆಳೀತೀವಿ" ಎಂದೆ. ನಾನು ಅವರ ಎದುರಿಗೇ ನಿನ್ನ ಕಪಾಳಕ್ಕೆ ಹೊಡೆದೆ. ನಿನ್ನನ್ನು ನಾನು ಹೊಡೆದದ್ದು ಅದೊಂದೇ ಸಲ. "ನಾವು ಬೆಳಿಯಂಗಿಲ್ಲೋ, ಅವು ಹುಟ್ಟತಾವ. ಗುಡ್ಡದ ತಾಯಿ ಕೊಡತಾಳ, ನಾವು ಆರಿಸ್ಕೊಂತೀವಿ" ಎಂದೆ. ಆವತ್ತು ನೀನು ಊಟ ಮಾಡಲಿಲ್ಲ. ಮರುದಿನದಿಂದ ಆ ಮಾತನ್ನು ಒಮ್ಮೆಯೂ ತಪ್ಪಲಿಲ್ಲ.

ಸಾಹೇಬರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಹೊನ್ನೂರಮ್ಮ


ಹೊಸಪೇಟೆ
೨–೧೨–೧೯೯೨

ದೊಡ್ಡವ್ವ,

ಹೌದು. ಗೊತ್ತಿತ್ತು.

ಇಂಗ್ಲಿಷಿಗೆ ತಿರುಗಿಸಿದವನೂ ನಾನೇ. ಕಚೇರಿಯವರು ಎಂದು ಬರೆದಿದ್ದೆನಲ್ಲ, ಆ ಕಚೇರಿಯವನು ನಾನು. ಜೀಪಿನಲ್ಲಿ ವಾಪಸು ಬರುವಾಗ ಸಾಹೇಬರು, "ಅಂದ್ರೆ ಅಲ್ಲಿ ಏನೂ ಹುಟ್ಟೋದಿಲ್ಲ ಅಂತ ತಾನೇ?" ಎಂದು ಕೇಳಿದರು. ಅವರಿಗೆ ಅನುಮಾನ ಬಂದಿತ್ತು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಅಷ್ಟು ಹಸಿರು. ನಾನು "ಹೌದು ಸರ್" ಎಂದೆ. ಆ ಎರಡು ಮಾತು ಹೇಳಲು ಎಷ್ಟು ಹೊತ್ತು ಬೇಕು ದೊಡ್ಡವ್ವ? ಯೋಚನೆ ಮಾಡುವಷ್ಟು ಹೊತ್ತೂ ಹಿಡಿಯಲಿಲ್ಲ.

ಮೊನ್ನೆ ಕೆಲಸ ಪರ್ಮನೆಂಟ್ ಆಯಿತು. ಸಿಹಿ ಹಂಚಲಿಲ್ಲ.

ಜನವರಿ ಐದಕ್ಕೆ ಸೊಂಡೂರಿನಲ್ಲಿ ತಕರಾರಿನ ವಿಚಾರಣೆ ಇದೆ. ಪಂಚನಾಮೆ ಸರಿಯಿದೆ ಎಂದು ಹೇಳಲು ಕಂಪನಿಯವರು ನನ್ನನ್ನು ಕಳಿಸುತ್ತಾರೆ. ನಿನ್ನ ಎದುರು ನಿಂತು ಹಾಗೆ ಹೇಳುವುದು ನನ್ನಿಂದ ಆಗುವುದಿಲ್ಲ. ಬೇರೆ ಥರ ಹೇಳುವುದು ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಓಬಳೇಶ


ಜೇನುಕೊಳ್ಳ
೮–೧–೧೯೯೩

ಓಬಳೇಶನಿಗೆ,

ಕಂಪನಿಯ ಸಾಕ್ಷಿ ಎಂದು ನಿನ್ನ ಹೆಸರು ಮೂರು ಸಲ ಕೂಗಿದರು. ನೀನು ಬರಲಿಲ್ಲ. ಆದ್ದರಿಂದ ಏನು ನಡೆಯಿತೆಂದು ನಾನೇ ಬರೆಯಬೇಕು.

ಕಚೇರಿಯ ಹಾಲ್ ತುಂಬಿ ಹೊರಗಿನ ಹುಣಸೆಮರದ ಕೆಳಗೂ ಜನ. ವಿಚಾರಣೆಗೆ ಕೂತ ಅಧಿಕಾರಿ ಒಳ್ಳೆಯ ಮನುಷ್ಯರಂತೆ ಕಂಡರು, ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದರು. ಒಳಗೆ ಹೋಗುವ ಮೊದಲು ಮಾಸ್ತರರು, "ನಾನು ಹಂಗ ಅಂದೇ ಇಲ್ಲ ಅಂದುಬಿಡ್ರಿ ಹೊನ್ನೂರಮ್ಮ, ಮುಗೀತು" ಎಂದಿದ್ದರು. ಅಧಿಕಾರಿ ಕಾಗದ ತೋರಿಸಿ "ಈ ಸಹಿ ನಿಮ್ದೇನಮ್ಮ?" ಎಂದಾಗ "ಹೌದ್ರಿ" ಎಂದೆ. "ಈ ಮಾತು ನೀವು ಹೇಳಿದ್ರಾ?" "ಹೇಳೀನ್ರಿ." ಮಾಸ್ತರರು ತಲೆ ಮೇಲೆ ಕೈ ಇಟ್ಟುಕೊಂಡರು.

"ನಾ ಹೇಳಿದ್ದು ನಾವು ಬೆಳಿಯಂಗಿಲ್ಲ ಅಂತ್ರಿ" ಎಂದೆ. ಕಂಪನಿ ವಕೀಲರು ನಕ್ಕು, "ಬೆಳೆಯೋದಿಲ್ಲ ಅಂದ್ರೆ ಬೆಳೆಯೋದಿಲ್ಲ ತಾನೇ ಅಮ್ಮ? ಅದರಾಗ ಎರಡು ಥರ ಎಲ್ಲಿಂದ ಬಂತು?" ಎಂದರು. ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದರು. ನನಗೆ ಬಾಯಿ ತಡೆಯಲಿಲ್ಲ. "ವಕೀಲ್ರೇ, ನೀವು ಗಡ್ಡ ಬೆಳೀತೀರೇನ್ರಿ?" ಎಂದೆ. "ಇಲ್ಲ" ಎಂದರು. "ನೀವು ಬೆಳಿಯಂಗಿಲ್ಲ ಅಂತ ಅದು ಬರಾದು ಬಿಟ್ಟೈತೇನು?"

ಹುಣಸೆಮರದ ಕೆಳಗಿನವರಿಗೆ ಮಾತು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗಿನವರು ನಕ್ಕು ಮುಗಿಸಿದ ಮೇಲೆ ಹೊರಗಿನವರು ನಕ್ಕರು. ಅಧಿಕಾರಿಯೂ ಕನ್ನಡಕ ತೆಗೆದರು. "ಹಂಗಾದ್ರ ನಾನು ಏನಂತ ಕೇಳಬೇಕಿತ್ತಮ್ಮ?" ಎಂದರು.

"ಗುಡ್ಡದಾಗ ಏನೇನು ಹುಟ್ಟತಾವ ಅಂತ ಕೇಳ್ರಿ."

ಕೇಳಿದರು. ನಾನು ಕವಳೆ ಹಣ್ಣಿನಿಂದ ಶುರು ಮಾಡಿದೆ. ಜಂಬಕ್ಕ ಹಿಂದಿನಿಂದ "ಕವಳಿಗಿಂತ ಮೊದಲು ಬಾರಿಹಣ್ಣು, ಅದನ್ನ ಬಿಟ್ಟೆಲ್ಲ" ಎಂದು ಕೂಗಿದಳು. ಐದು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಜೇನು, ನೆಲ್ಲಿ, ಊಟದೆಲೆಯ ಮುತ್ತುಗ, ಕಸಬರಿಗೆ ಹುಲ್ಲು, ಬಾಣಂತಿ ಸ್ನಾನದ ಲಕ್ಕಿ ಸೊಪ್ಪು, ಮೊದಲ ಮಳೆಯ ಅಣಬೆ, ಹಾವು ಕಡಿದರೆ ಅರೆದು ಹಚ್ಚುವ ಬೇರು. ಆ ಬೇರಿನ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ, ಹೇಳಿದರೆ ಗುಣ ಹೋಗುತ್ತದಲ್ಲ. ಗುಮಾಸ್ತ "ಹೆಸರಿಲ್ದೆ ಹೆಂಗ ಬರೀಲ್ರಿ?" ಎಂದು ಅತ್ತಂತೆ ಕೇಳಿದ. "ಒಂದು ಬೇರು ಅಂತ ಬರಿ" ಎಂದರು ಅಧಿಕಾರಿ. ಕೊನೆಗೆ ಒಬ್ಬ ಮುದುಕ ಎದ್ದು, "ಮೋಡ ಬರಕೊಳ್ರಿ" ಎಂದ. "ಅದು ಹುಟ್ಟೋದೂ ಅಲ್ಲೇ." ಹದಿನಾಲ್ಕು ಹಾಳೆ ಆಯಿತು.

ಗೆದ್ದೆವೆಂದು ಎದ್ದು ನಿಂತೆವು. ಅಧಿಕಾರಿ ಕೂರಲು ಹೇಳಿದರು. "ನಿಮ್ಮ ಮೊದಲಿನ ಪಂಚನಾಮೆ ಹಂಗೇ ಐತಿ. ಅದನ್ನ ಇಂಗ್ಲಿಷ್ ಮಾಡಿದವರು ಬಂದು ಇದು ತಪ್ಪು ಅಂತ ಹೇಳೋತನಕ ಎರಡನ್ನೂ ಮ್ಯಾಲ ಕಳಿಸ್ತೀನಿ. ಅಲ್ಲಿ ಹದಿನಾಲ್ಕು ಹಾಳಿ ಯಾರು ಓದತಾರೋ, ಒಂದು ಹಾಳಿ ಯಾರು ಓದತಾರೋ ನನ್ನ ಕೈಯಾಗಿಲ್ಲ." ಆ ದಿನ ಬರೆದುಕೊಂಡವರು ಯಾರು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಆಗ ಕೂಗಿದ ನಿನ್ನ ಹೆಸರನ್ನೇ ಜಂಬಕ್ಕ ಹೇಳಿದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲಿದೆ.

ಫೆಬ್ರವರಿ ಹದಿನೈದರತನಕ ಕಾಯುತ್ತಾರಂತೆ. ಮೊದಲ ಸಲ ಕೇಳುತ್ತಿದ್ದೇನೆ. ಹೋಗು.

ಹೊನ್ನೂರಮ್ಮ


ಹೊಸಪೇಟೆ
೧೭–೨–೧೯೯೩

ದೊಡ್ಡವ್ವ,

ಹದಿನೈದನೆಯ ತಾರೀಖು ಕಚೇರಿ ಮುಚ್ಚುವ ಹೊತ್ತಿಗೆ ಹೋದೆ. ಅದಕ್ಕೂ ಮೊದಲು ಎರಡು ಸಲ ಸೊಂಡೂರು ಬಸ್ ಸ್ಟ್ಯಾಂಡಿನತನಕ ಹೋಗಿ ತಿರುಗಿ ಬಂದಿದ್ದೆ.

ಗುಮಾಸ್ತರು ಕರುಣೆಯಿಂದಲೇ ಕೇಳಿದರು: "ಅನುವಾದದ ತಪ್ಪು ಅಂತ ಬರೀತೀನಪ್ಪ. ಗೊತ್ತಾಗದೆ ಆಗೈತಿ. ಪಂಚನಾಮೆನೂ ಬೀಳತೈತಿ, ನಿನ್ನ ಕೆಲಸಾನೂ ಉಳೀತೈತಿ." ಅವರು ಬರೆಯಲು ಶುರು ಮಾಡಿದ್ದರು. ನಾನು ತಡೆದೆ. "ಗೊತ್ತಿದ್ದೇ ಬರೆದೆ ಅಂತ ಹಾಕ್ರಿ" ಎಂದೆ. ಯಾಕೆಂದು ಕೇಳಬೇಡ. ಗೊತ್ತಾಗಲಿಲ್ಲ ಎಂದು ಹೇಳಿದ್ದರೆ ಆ ಮಾತನ್ನು ನೀನು ನನಗೆ ಕಲಿಸಿಯೇ ಇಲ್ಲ ಎಂದಾಗುತ್ತಿತ್ತು.

ಪಂಚನಾಮೆ ರದ್ದಾಯಿತು. ಗುಡ್ಡವನ್ನು ಹೊಸದಾಗಿ ನೋಡಲು ಬೇರೆಯವರು ಬರುತ್ತಾರಂತೆ. ಆಮೇಲೆ ಕೊಡುತ್ತಾರೋ ಬಿಡುತ್ತಾರೋ ಅಧಿಕಾರಿಗೂ ಗೊತ್ತಿಲ್ಲ. ನಿನ್ನೆ ಕಂಪನಿಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಕೇಸೂ ಆಗಬಹುದು.

ರೂಮು ತಿಂಗಳ ಕೊನೆಗೆ ಖಾಲಿ ಮಾಡಬೇಕು. ಊರಿಗೆ ಬರಲೇ? ಬೇಡವೆಂದರೆ ಬೇಡವೆಂದೇ ಬರೆ.

ಓಬಳೇಶ


ಜೇನುಕೊಳ್ಳ
೨೨–೨–೧೯೯೩

ಓಬಳೇಶ,

ಬಾ.

ಭಾನುವಾರ ಬಾ, ಎಲ್ಲರೂ ಊರಲ್ಲಿರುತ್ತಾರೆ. ಆದರೆ ಬಸ್ಸಿಳಿದವನು ನೆಟ್ಟಗೆ ಮನೆಗೆ ಬರಬೇಡ. ಮೊದಲು ಚಾವಡಿಗೆ ಹೋಗು. ಕಚೇರಿಯಲ್ಲಿ ಹೇಳಿದ್ದನ್ನು ಊರಿಗೂ ಹೇಳಬೇಕು, ನಿನ್ನ ಬಾಯಿಂದಲೇ. ನಿನ್ನ ಕಾಗದವನ್ನು ನಾನು ಯಾರಿಗೂ ಓದಿ ತೋರಿಸಿಲ್ಲ, ತೋರಿಸುವುದೂ ಇಲ್ಲ. ಜಂಬಕ್ಕ ಬೈಯುತ್ತಾಳೆ. ಪೂರ್ತಿ ಬೈಸಿಕೋ, ನಡುವೆ ಮಾತಾಡಬೇಡ, ಆಕೆಗೆ ಮೊದಲಿನಿಂದ ಶುರು ಮಾಡುವ ಚಟ ಇದೆ. ಕೆಲವರು ಎದ್ದು ಹೋಗಬಹುದು. ಹೋಗಲಿ. ಉಳಿದವರಿಗೆ ಹೇಳು.

ಹೊಸದಾಗಿ ನೋಡಲು ಬರುವವರಿಗೆ ಗುಡ್ಡ ತೋರಿಸಲು ಅಳತೆ ಗೊತ್ತಿದ್ದವರು ಬೇಕು ಎಂದು ಮಾಸ್ತರರು ಹೇಳುತ್ತಿದ್ದರು. ಊರು ನಿನ್ನನ್ನು ಕರೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಪರವಾಗಿ ನಾನು ಕೇಳುವುದಿಲ್ಲ.

ಚಾವಡಿಗೆ ನಾನು ಬರುವುದಿಲ್ಲ. ನನ್ನನ್ನು ಕಂಡರೆ ಅವರು ನಿನ್ನನ್ನು ಜಲ್ದಿ ಬಿಟ್ಟುಬಿಡುತ್ತಾರೆ. ಮನೆಯಲ್ಲೇ ಇರುತ್ತೇನೆ. ನೀನು ಹೇಳಿ ಮುಗಿಸುವತನಕ ಒಲೆ ಹಚ್ಚುವುದಿಲ್ಲ. ಎಷ್ಟು ಹೊತ್ತಾದರೂ ಸರಿ, ಮುಗಿದ ಮೇಲೆ ಬಾ, ಬಿಸಿ ರೊಟ್ಟಿ ಬಡಿಯುತ್ತೇನೆ.

ದೊಡ್ಡವ್ವ